ಭೌತಶಾಸ್ತ್ರದ ಸಮೀಕರಣಗಳು ಮತ್ತು ಮಾದರಿಗಳ ತತ್ತ್ವಶಾಸ್ತ್ರ

ಭೌತಶಾಸ್ತ್ರದ ಸಮೀಕರಣಗಳು ಮತ್ತು ಮಾದರಿಗಳ ತತ್ತ್ವಶಾಸ್ತ್ರವು ವಿಜ್ಞಾನದ ತತ್ತ್ವಶಾಸ್ತ್ರದ ಒಂದು ವಿಭಾಗ. ಭೌತವಿಜ್ಞಾನಿಗಳು ಬಳಸುವ ಗಣಿತದ ಸಮೀಕರಣಗಳಿಗೂ ಅವು ವರ್ಣಿಸುವ ಜಗತ್ತಿಗೂ ಇರುವ ಸಂಬಂಧವೇನು ಎಂಬುದು ಇದರ ಮುಖ್ಯ ವಿಚಾರ. ಒಂದು ಸಮೀಕರಣವು ಪ್ರಯೋಗದ ಫಲಿತಾಂಶವನ್ನು ಸರಿಯಾಗಿ ಮುಂಚೆಯೇ ತಿಳಿಸಿದರೆ, ಅದರಲ್ಲಿ ಬರುವ ಪ್ರತಿಯೊಂದು ಸಂಕೇತಕ್ಕೂ ತಕ್ಕ ವಸ್ತುವೊಂದು ಪ್ರಕೃತಿಯಲ್ಲಿ ಇದೆಯೆಂದು ನಂಬಬೇಕೆ? ತಿಳಿದೂ ತಿಳಿದೂ ಸುಳ್ಳಾದ ಊಹೆಗಳ ಮೇಲೆ ಕಟ್ಟಿದ ಮಾದರಿಯು ಸರಿಯಾದ ಉತ್ತರವನ್ನು ಕೊಡುವುದು ಹೇಗೆ? ಒಂದೇ ಸಮೀಕರಣಕ್ಕೆ ಹಲವು ಅರ್ಥಗಳು ಸಾಧ್ಯವಾದಾಗ ಯಾವುದನ್ನು ಒಪ್ಪಬೇಕು? ಈ ಪ್ರಶ್ನೆಗಳು ಇದರ ವ್ಯಾಪ್ತಿಗೆ ಸೇರುತ್ತವೆ.

ಇವು ಕೇವಲ ಪಂಡಿತರ ಚರ್ಚೆಗಳಲ್ಲ. ಶ್ವೇತ ಕುಬ್ಜ ನಕ್ಷತ್ರಗಳ ಗರಿಷ್ಠ ದ್ರವ್ಯರಾಶಿ, ಪಾಸಿಟ್ರಾನ್ ಕಣದ ಅಸ್ತಿತ್ವ, ಕಪ್ಪು ದ್ರವ್ಯದ ಸ್ವರೂಪ ಮುಂತಾದ ವಿಷಯಗಳಲ್ಲಿ ಸಮೀಕರಣದ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆಯೇ ವಿಜ್ಞಾನದ ಮುಂದಿನ ಹೆಜ್ಜೆಯನ್ನು ನಿರ್ಧರಿಸಿದೆ.

## ಪರಿಭಾಷೆ

ಈ ಚರ್ಚೆಯಲ್ಲಿ ಸಮೀಕರಣ, ಮಾದರಿ ಮತ್ತು ವ್ಯಾಖ್ಯಾನ ಎಂಬ ಮೂರು ಪದಗಳನ್ನು ಬೇರೆ ಬೇರೆಯಾಗಿ ಗ್ರಹಿಸುವುದು ಅಗತ್ಯ.

* ಸಮೀಕರಣ: ಅಳೆಯಬಹುದಾದ ಪರಿಮಾಣಗಳ ನಡುವಣ ಗಣಿತ ಸಂಬಂಧ. ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ ಎಂಬ ನ್ಯೂಟನ್ನನ ಎರಡನೆಯ ನಿಯಮವು ಇದಕ್ಕೆ ಪರಿಚಿತ ಉದಾಹರಣೆ.
* ಮಾದರಿ: ಒಂದು ನಿರ್ದಿಷ್ಟ ವಸ್ತು ಅಥವಾ ಘಟನೆಗೆ ಸಮೀಕರಣವನ್ನು ಅನ್ವಯಿಸಲು ರಚಿಸಿಕೊಂಡ ಸರಳ ಚಿತ್ರ. ಇದರಲ್ಲಿ ಕೆಲವು ಅಂಶಗಳನ್ನು ಉಳಿಸಿಕೊಂಡು ಉಳಿದವನ್ನು ಕೈಬಿಡಲಾಗುತ್ತದೆ.
* ವ್ಯಾಖ್ಯಾನ: ಸಮೀಕರಣದ ಸಂಕೇತಗಳು ಜಗತ್ತಿನಲ್ಲಿ ಏನನ್ನು ಸೂಚಿಸುತ್ತವೆ ಎಂಬ ವಿವರಣೆ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ತೂಗುವ ಸರಳ ಲೋಲಕವನ್ನು ಗಮನಿಸಬಹುದು. ಒಂದು ಮೀಟರ್ ಉದ್ದದ ಲೋಲಕದ ಆಂದೋಲನಾವಧಿ ಸುಮಾರು 2 ಸೆಕೆಂಡುಗಳೆಂದು ಸೂತ್ರವು ತಿಳಿಸುತ್ತದೆ. ಈ ಸೂತ್ರವನ್ನು ಪಡೆಯುವಾಗ ದಾರಕ್ಕೆ ತೂಕವಿಲ್ಲ, ಗುಂಡು ಒಂದು ಬಿಂದು, ಗಾಳಿಯ ತಡೆ ಇಲ್ಲ, ತೂಗುವ ಕೋನ ತೀರ ಚಿಕ್ಕದು ಎಂದು ಭಾವಿಸಲಾಗುತ್ತದೆ. ಈ ನಾಲ್ಕರಲ್ಲಿ ಯಾವುದೂ ಕಟ್ಟುನಿಟ್ಟಾಗಿ ನಿಜವಲ್ಲ. ಆದರೂ ಕೋನ ಚಿಕ್ಕದಾಗಿರುವವರೆಗೆ ಉತ್ತರವು ಸರಿಯಾಗಿಯೇ ಬರುತ್ತದೆ. ಲೋಲಕವನ್ನು 60 ಡಿಗ್ರಿಗಳಷ್ಟು ಎಳೆದು ಬಿಟ್ಟರೆ ಮಾತ್ರ ಅವಧಿಯು ಸೂತ್ರ ಹೇಳುವುದಕ್ಕಿಂತ ಶೇಕಡಾ 7ರಷ್ಟು ಹೆಚ್ಚಾಗುತ್ತದೆ. ಮಾದರಿಯು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದ ಸಲ್ಲದು ಎಂಬುದೂ ಮಾದರಿಯ ಅರಿವಿನ ಒಂದು ಭಾಗವೆಂಬುದನ್ನು ಈ ಉದಾಹರಣೆ ತೋರಿಸುತ್ತದೆ.

## ಐತಿಹಾಸಿಕ ಹಿನ್ನೆಲೆ

ಕ್ರಿ.ಶ. ಎರಡನೆಯ ಶತಮಾನದಲ್ಲಿ ಟಾಲೆಮಿಯು ಗ್ರಹಗಳ ಚಲನೆಯನ್ನು ವೃತ್ತಗಳ ಮೇಲೆ ಉರುಳುವ ವೃತ್ತಗಳ ಮೂಲಕ ಲೆಕ್ಕ ಹಾಕಿದನು. ಭೂಮಿಯೇ ಕೇಂದ್ರವೆಂಬ ಆ ಚಿತ್ರವು ತಪ್ಪಾಗಿದ್ದರೂ ಗ್ರಹಗಳ ಸ್ಥಾನವನ್ನು ಅದು ಶತಮಾನಗಳ ಕಾಲ ಉಪಯುಕ್ತವಾದ ನಿಖರತೆಯಿಂದ ತಿಳಿಸುತ್ತಿತ್ತು. 1543ರಲ್ಲಿ ಕೋಪರ್ನಿಕಸ್‌ನ ಸೂರ್ಯಕೇಂದ್ರ ಸಿದ್ಧಾಂತದ ಗ್ರಂಥವು ಪ್ರಕಟವಾದಾಗ ಅದಕ್ಕೆ ಸಹಿಯಿಲ್ಲದ ಮುನ್ನುಡಿಯೊಂದನ್ನು ಸೇರಿಸಲಾಗಿತ್ತು. ಖಗೋಳದ ಕಲ್ಪನೆಗಳು ನಿಜವಾಗಿರಬೇಕಾಗಿಲ್ಲ, ಲೆಕ್ಕವು ವೀಕ್ಷಣೆಗೆ ಹೊಂದಿದರೆ ಸಾಕು ಎಂಬುದು ಅದರ ಆಶಯ. ಈ ಮುನ್ನುಡಿ ಕೋಪರ್ನಿಕಸ್‌ನದಲ್ಲ, ಆಂಡ್ರಿಯಾಸ್ ಓಸಿಯಾಂಡರ್‌ನದು ಎಂಬುದನ್ನು 1609ರಲ್ಲಿ ಕೆಪ್ಲರ್ ಬಹಿರಂಗಪಡಿಸಿದನು. ಕೋಪರ್ನಿಕಸ್ ಭೂಮಿಯು ನಿಜವಾಗಿಯೂ ಚಲಿಸುತ್ತದೆಂದೇ ನಂಬಿದ್ದನು.

ಐಸಾಕ್ ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಗುರುತ್ವಾಕರ್ಷಣೆಯ ನಿಯಮವನ್ನು ನೀಡಿದನು. ನಡುವೆ ಯಾವ ಮಾಧ್ಯಮವೂ ಇಲ್ಲದೆ ಸೂರ್ಯನು ಭೂಮಿಯನ್ನು ಎಳೆಯುವುದು ಹೇಗೆ ಎಂಬ ಪ್ರಶ್ನೆಗೆ ತನ್ನಲ್ಲಿ ಉತ್ತರವಿಲ್ಲವೆಂದು 1713ರ ಎರಡನೆಯ ಆವೃತ್ತಿಯಲ್ಲಿ ಒಪ್ಪಿಕೊಂಡು, ಆಧಾರವಿಲ್ಲದ ಕಲ್ಪನೆ ಮಾಡಲು ನಿರಾಕರಿಸಿದನು. ಕಾರಣ ತಿಳಿಯದಿದ್ದರೂ ಸಮೀಕರಣವನ್ನು ಬಳಸಬಹುದೆಂಬ ನಿಲುವಿಗೆ ಇದರಿಂದ ಬಲ ಬಂದಿತು.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861-62ರಲ್ಲಿ ವಿದ್ಯುತ್ಕಾಂತೀಯ ಕ್ಷೇತ್ರವನ್ನು ವಿವರಿಸಲು ಸುಳಿಗಳು ಮತ್ತು ಅವುಗಳ ನಡುವೆ ಉರುಳುವ ಚಿಕ್ಕ ಚಕ್ರಗಳ ಯಾಂತ್ರಿಕ ಮಾದರಿಯೊಂದನ್ನು ರಚಿಸಿದರು. 1865ರ ಲೇಖನದ ವೇಳೆಗೆ ಆ ಚಕ್ರಗಳನ್ನು ಬಿಟ್ಟುಕೊಟ್ಟು ಸಮೀಕರಣಗಳನ್ನು ಮಾತ್ರ ಉಳಿಸಿಕೊಂಡರು. ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಹರಡುವ ಅಲೆಯೆಂಬ ನಂಬಿಕೆ ಆಗಲೂ ಉಳಿದಿತ್ತು. 1887ರ ಮೈಕೆಲ್ಸನ್-ಮಾರ್ಲೆ ಪ್ರಯೋಗವು ಈಥರ್‌ನ ಮೂಲಕ ಭೂಮಿ ಸಾಗುವ ಕುರುಹನ್ನು ಕಾಣಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರ್ ಅನಗತ್ಯವೆಂದು ತೋರಿಸಿದರು. ಮಾದರಿ ಕುಸಿಯಿತು, ಮಾಧ್ಯಮವೂ ಇಲ್ಲವಾಯಿತು, ಆದರೆ ಮ್ಯಾಕ್ಸ್‌ವೆಲ್ ಸಮೀಕರಣಗಳು ಹಾಗೆಯೇ ಉಳಿದವು. ಇಂದಿಗೂ ರೇಡಿಯೋ, ಮೊಬೈಲ್ ಫೋನ್ ಮತ್ತು ರಾಡಾರ್‌ಗಳ ವಿನ್ಯಾಸವು ಅವುಗಳನ್ನೇ ಅವಲಂಬಿಸಿದೆ.

## ಆದರ್ಶೀಕರಣ

ವಸ್ತುಸ್ಥಿತಿಯ ಕೆಲವು ಅಂಶಗಳನ್ನು ಉದ್ದೇಶಪೂರ್ವಕವಾಗಿ ಬದಲಿಸಿ ಅಥವಾ ಬಿಟ್ಟು ಸರಳಗೊಳಿಸುವುದಕ್ಕೆ ಆದರ್ಶೀಕರಣವೆಂದು ಹೆಸರು. ಘರ್ಷಣೆಯಿಲ್ಲದ ಮೇಲ್ಮೈ, ಆದರ್ಶ ಅನಿಲ, ಬಿಂದುರೂಪದ ಗ್ರಹ ಇವೆಲ್ಲ ಆದರ್ಶೀಕರಣಗಳು. ಅಮೆರಿಕದ ತತ್ತ್ವಜ್ಞಾನಿ ನ್ಯಾನ್ಸಿ ಕಾರ್ಟ್‌ರೈಟ್ 1983ರ ತಮ್ಮ ಕೃತಿಯಲ್ಲಿ, ಭೌತಶಾಸ್ತ್ರದ ಮೂಲಭೂತ ನಿಯಮಗಳು ಅಕ್ಷರಶಃ ನಿಜವಾಗುವುದು ಮಾದರಿಗಳ ಲೋಕದಲ್ಲಿ ಮಾತ್ರ ಎಂದು ವಾದಿಸಿದರು. ಹೊರಜಗತ್ತಿನಲ್ಲಿ ಅನೇಕ ಕಾರಣಗಳು ಒಟ್ಟಿಗೆ ಕೆಲಸ ಮಾಡುವುದರಿಂದ, ಒಂದೇ ನಿಯಮವು ಶುದ್ಧ ರೂಪದಲ್ಲಿ ಕಾಣಸಿಗುವುದು ವಿರಳ ಎಂಬುದು ಅವರ ಅಭಿಪ್ರಾಯ.

ಮಾದರಿಯ ಗಡಿಯನ್ನು ಸ್ಪಷ್ಟವಾಗಿ ತೋರಿಸುವ ಉದಾಹರಣೆಯೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆಯಲ್ಲಿದೆ. ಶ್ರವಣಾತೀತ ಧ್ವನಿ ಹರಿಯುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದಾಗ ಅದು ಹಲವು ಕಿರಣಗಳಾಗಿ ವಿವರ್ತನೆಗೊಳ್ಳುತ್ತದೆ. ಇದನ್ನು ವಿವರಿಸಲು ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಧ್ವನಿಯ ಪಟ್ಟಿಯನ್ನು ದಾಟುವಾಗ ಬೆಳಕು ದಾರಿ ಬದಲಿಸುವುದಿಲ್ಲ, ಅದರ ಪ್ರಾವಸ್ಥೆ ಮಾತ್ರ ಬದಲಾಗುತ್ತದೆ ಎಂಬುದು ಅದರ ಸರಳ ರೂಪದ ಊಹೆ. ಧ್ವನಿಯ ಪಟ್ಟಿ ತೆಳುವಾಗಿದ್ದು ಆವರ್ತಾಂಕ ಕಡಿಮೆ ಇದ್ದಾಗ ಈ ಸಿದ್ಧಾಂತವು ಪ್ರಯೋಗಕ್ಕೆ ಚೆನ್ನಾಗಿ ಹೊಂದುತ್ತದೆ. ಪಟ್ಟಿ ದಪ್ಪವಾದಾಗ ಅಥವಾ ಆವರ್ತಾಂಕ ಏರಿದಾಗ ಹೊಂದುವುದಿಲ್ಲ, ಅಲ್ಲಿ ಬ್ರ್ಯಾಗ್ ವಿವರ್ತನೆಯ ನಿಯಮ ಬೇಕಾಗುತ್ತದೆ. ಈಗ ಮೊದಲನೆಯ ಸ್ಥಿತಿಯನ್ನು ರಾಮನ್-ನಾಥ್ ವಲಯವೆಂದೇ ಕರೆಯಲಾಗುತ್ತದೆ. ಹೀಗೆ ಮಾದರಿಯ ಹೆಸರೇ ಅದರ ಗಡಿಯ ಹೆಸರೂ ಆಗಿದೆ.

ಇದಕ್ಕಿಂತ ಆಶ್ಚರ್ಯಕರವಾದುದು ಐಸಿಂಗ್ ಮಾದರಿ. ಕಾಂತದೊಳಗಿನ ಪರಮಾಣುಗಳನ್ನು ಮೇಲಕ್ಕೆ ಅಥವಾ ಕೆಳಕ್ಕೆ ಮುಖ ಮಾಡಿದ ಬಾಣಗಳೆಂದು ಭಾವಿಸಿ, ಪ್ರತಿ ಬಾಣವೂ ಪಕ್ಕದವುಗಳೊಡನೆ ಮಾತ್ರ ಸಂಬಂಧ ಹೊಂದಿರುತ್ತದೆ ಎಂದು ಇದು ಕಲ್ಪಿಸುತ್ತದೆ. ಅರ್ನ್‌ಸ್ಟ್ ಐಸಿಂಗ್ 1925ರಲ್ಲಿ ಇದನ್ನು ಒಂದು ಆಯಾಮದಲ್ಲಿಯೂ ಲಾರ್ಸ್ ಆನ್‌ಸಾಗರ್ 1944ರಲ್ಲಿ ಎರಡು ಆಯಾಮಗಳಲ್ಲಿಯೂ ಬಿಡಿಸಿದರು. ಯಾವ ನೈಜ ಕಾಂತವೂ ಇಷ್ಟು ಸರಳವಲ್ಲ. ಆದರೆ ಇದೇ ಮಾದರಿಯ ಮೂರು ಆಯಾಮದ ರೂಪವು ದ್ರವವು ಅನಿಲವಾಗುವ ನಿರ್ಣಾಯಕ ಬಿಂದುವಿನ ಬಳಿಯ ವರ್ತನೆಯನ್ನೂ ಸರಿಯಾಗಿ ತಿಳಿಸುತ್ತದೆ. ಅಂತಹ ಬಿಂದುವಿನ ಬಳಿ ಸೂಕ್ಷ್ಮ ವಿವರಗಳು ಏಕೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಕೆನೆತ್ ವಿಲ್ಸನ್ 1970ರ ದಶಕದಲ್ಲಿ ವಿವರಿಸಿದರು. ಇದಕ್ಕಾಗಿ ಅವರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸುಳ್ಳು ಊಹೆಯಿಂದ ಸರಿಯಾದ ಉತ್ತರ ಬರುವುದು ಎಲ್ಲ ಸಂದರ್ಭಗಳಲ್ಲಿಯೂ ಆಕಸ್ಮಿಕವಲ್ಲ, ಬಿಟ್ಟ ವಿವರಗಳು ಏಕೆ ಮುಖ್ಯವಲ್ಲ ಎಂಬುದಕ್ಕೂ ಕಾರಣವನ್ನು ಕೊಡಬಹುದು ಎಂಬುದು ಇಲ್ಲಿಯ ತಾತ್ಪರ್ಯ.

## ವಾಸ್ತವವಾದ ಮತ್ತು ಉಪಕರಣವಾದ

ಸಮೀಕರಣಗಳ ಯಶಸ್ಸನ್ನು ಅರ್ಥೈಸುವಲ್ಲಿ ಎರಡು ಪ್ರಮುಖ ನಿಲುವುಗಳಿವೆ. ಯಶಸ್ವಿಯಾದ ಸಿದ್ಧಾಂತವು ಜಗತ್ತಿನ ನಿಜಸ್ಥಿತಿಯನ್ನು, ಕಣ್ಣಿಗೆ ಕಾಣದ ಭಾಗವನ್ನೂ ಸೇರಿಸಿ, ಸುಮಾರಾಗಿಯಾದರೂ ಸರಿಯಾಗಿ ಹೇಳುತ್ತದೆ ಎಂಬುದು ವೈಜ್ಞಾನಿಕ ವಾಸ್ತವವಾದ. ಸಿದ್ಧಾಂತವು ಲೆಕ್ಕ ಮಾಡಲು ಮತ್ತು ಮುನ್ಸೂಚನೆ ನೀಡಲು ಇರುವ ಸಾಧನ, ಅದು ನಿಜವೇ ಎಂಬ ಪ್ರಶ್ನೆ ಅನಗತ್ಯ ಎಂಬುದು ಉಪಕರಣವಾದ.

ವಾಸ್ತವವಾದದ ಮುಖ್ಯ ವಾದವನ್ನು ಹಿಲರಿ ಪುಟ್ನಮ್ 1975ರಲ್ಲಿ ಮಂಡಿಸಿದರು. ಸಿದ್ಧಾಂತಗಳು ನಿಜಕ್ಕೆ ಹತ್ತಿರವಿಲ್ಲದಿದ್ದರೆ ವಿಜ್ಞಾನದ ಯಶಸ್ಸು ಒಂದು ಪವಾಡವೆನ್ನಬೇಕಾಗುತ್ತದೆ ಎಂಬುದು ಅದರ ಸಾರಾಂಶ. ಇದಕ್ಕೆ ಪ್ರತಿಯಾಗಿ ಲ್ಯಾರಿ ಲೌಡನ್ 1981ರಲ್ಲಿ ಇತಿಹಾಸವನ್ನು ಮುಂದಿಟ್ಟರು. ಈಥರ್, ಉಷ್ಣವನ್ನು ದ್ರವವೆಂದು ಬಗೆದ ಕ್ಯಾಲೋರಿಕ್ ಮೊದಲಾದ ಕಲ್ಪನೆಗಳೂ ತಮ್ಮ ಕಾಲದಲ್ಲಿ ಯಶಸ್ಸು ಕಂಡಿದ್ದವು. ಅವು ಇಂದು ಇಲ್ಲ. ಹಾಗಾದರೆ ಇಂದಿನ ಸಿದ್ಧಾಂತಗಳ ಕಲ್ಪನೆಗಳು ಉಳಿಯುತ್ತವೆಂಬ ಭರವಸೆ ಏನು ಎಂಬುದು ಅವರ ಪ್ರಶ್ನೆ. ಬಾಸ್ ವಾನ್ ಫ್ರಾಸೆನ್ 1980ರಲ್ಲಿ ನಡುದಾರಿಯೊಂದನ್ನು ಸೂಚಿಸಿದರು. ವಿಜ್ಞಾನದ ಗುರಿ ವೀಕ್ಷಣೆಗೆ ಹೊಂದುವ ಸಿದ್ಧಾಂತವನ್ನು ಪಡೆಯುವುದು, ಕಾಣದ ವಸ್ತುಗಳ ಬಗ್ಗೆ ಅದು ಹೇಳುವುದನ್ನು ಅರ್ಥಮಾಡಿಕೊಳ್ಳಬಹುದು, ಆದರೆ ನಂಬಲೇಬೇಕೆಂಬ ನಿರ್ಬಂಧವಿಲ್ಲ ಎಂದು ಅವರು ವಾದಿಸಿದರು.

ಜಾನ್ ವೊರಾಲ್ 1989ರಲ್ಲಿ ಪುನರುಜ್ಜೀವಗೊಳಿಸಿದ ರಚನಾತ್ಮಕ ವಾಸ್ತವವಾದವು ಎರಡೂ ಪಕ್ಷಗಳಿಗೆ ಉತ್ತರ ನೀಡಲು ಯತ್ನಿಸುತ್ತದೆ. ಫ್ರೆನೆಲ್ 1820ರ ದಶಕದಲ್ಲಿ ಈಥರ್‌ನ ಕಲ್ಪನೆಯಿಂದ ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಸಮೀಕರಣಗಳನ್ನು ಪಡೆದಿದ್ದರು. ಈಥರ್ ಹೋದ ಮೇಲೂ ಅದೇ ಸಮೀಕರಣಗಳು ಮ್ಯಾಕ್ಸ್‌ವೆಲ್ ಸಿದ್ಧಾಂತದಿಂದ ದೊರೆತವು. ವಸ್ತುಗಳ ಕಲ್ಪನೆ ಬದಲಾಗಬಹುದು, ಸಂಬಂಧಗಳ ರಚನೆ ಉಳಿಯುತ್ತದೆ, ಆದ್ದರಿಂದ ರಚನೆಯನ್ನು ನಂಬಬಹುದು ಎಂಬುದು ಈ ವಾದ. ಇದರ ಮೂಲವು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಅವರ 1902ರ ಕೃತಿಯಲ್ಲಿದೆ.

ಯಶಸ್ಸು ಮತ್ತು ಸತ್ಯ ಒಂದೇ ಅಲ್ಲವೆಂಬುದಕ್ಕೆ ಭೌತಶಾಸ್ತ್ರದಲ್ಲಿಯೇ ಒಂದು ವಿಸ್ಮಯಕರ ನಿದರ್ಶನವಿದೆ. ಎಲೆಕ್ಟ್ರಾನುಗಳು ಪರಮಾಣುವಿನ ಬೀಜಕೇಂದ್ರವನ್ನು ಕಕ್ಷೆಗಳಲ್ಲಿ ಸುತ್ತುತ್ತವೆಂಬ ನೀಲ್ಸ್ ಬೋರ್ ಅವರ 1913ರ ಮಾದರಿಯನ್ನು ವಿಸ್ತರಿಸಿ, ಆರ್ನಾಲ್ಡ್ ಸೋಮರ್‌ಫೆಲ್ಡ್ 1916ರಲ್ಲಿ ಹೈಡ್ರೋಜನ್ ರೋಹಿತದ ಸೂಕ್ಷ್ಮ ರಚನೆಗೆ ಸೂತ್ರವೊಂದನ್ನು ಕೊಟ್ಟರು. ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣವೇ ಆಗ ತಿಳಿದಿರಲಿಲ್ಲ. 1928ರಲ್ಲಿ ಕಕ್ಷೆಗಳಿಲ್ಲದ, ಸ್ಪಿನ್ ಇರುವ ಡಿರಾಕ್ ಸಮೀಕರಣದಿಂದ ಶಕ್ತಿಮಟ್ಟಗಳನ್ನು ಲೆಕ್ಕ ಹಾಕಿದಾಗ ಬಂದದ್ದು ಸೋಮರ್‌ಫೆಲ್ಡ್ ಸೂತ್ರವೇ. ಒಂದೇ ಸೂತ್ರಕ್ಕೆ ಎರಡು ಸಂಪೂರ್ಣ ಭಿನ್ನ ಚಿತ್ರಗಳು ಆಧಾರವಾಗಿದ್ದವು. ಸೂತ್ರದ ನಿಖರತೆಯನ್ನಷ್ಟೇ ನೋಡಿದ್ದರೆ ಕಕ್ಷೆಗಳ ಚಿತ್ರವೇ ದೃಢಪಟ್ಟಿತೆಂದು ಭಾವಿಸಬಹುದಿತ್ತು. ಹೀಲಿಯಂ ಪರಮಾಣುವಿನ ರೋಹಿತವನ್ನು ವಿವರಿಸುವಲ್ಲಿ ಹಳೆಯ ಮಾದರಿಯು ಸೋತಿತು.

## ಸಮೀಕರಣವು ಅನಿರೀಕ್ಷಿತ ಉತ್ತರ ಕೊಟ್ಟಾಗ

ಶಾಲಾ ಗಣಿತದಲ್ಲಿ ಒಂದು ಪರಿಚಿತ ಲೆಕ್ಕವಿದೆ. ಅಗಲಕ್ಕಿಂತ ಉದ್ದ 5 ಮೀಟರ್ ಹೆಚ್ಚಾಗಿರುವ ನಿವೇಶನದ ವಿಸ್ತೀರ್ಣ 150 ಚದರ ಮೀಟರ್ ಆದರೆ ಅಗಲವೆಷ್ಟು? ವರ್ಗ ಸಮೀಕರಣವು 10 ಮತ್ತು −15 ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. ಅಗಲವು ಋಣ ಸಂಖ್ಯೆಯಾಗದೆಂದು ವಿದ್ಯಾರ್ಥಿಯು ಎರಡನೆಯದನ್ನು ಬಿಟ್ಟುಬಿಡುತ್ತಾನೆ. ಇಲ್ಲಿ ಯಾವ ಉತ್ತರ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಸಮೀಕರಣವಲ್ಲ, ನಿವೇಶನದ ಬಗೆಗಿನ ನಮ್ಮ ತಿಳಿವಳಿಕೆ. ತಿಳಿವಳಿಕೆಯೇ ಅಪೂರ್ಣವಾಗಿರುವ ಕ್ಷೇತ್ರದಲ್ಲಿ ಹೀಗೆ ಬಿಟ್ಟುಬಿಡುವುದು ಅಪಾಯಕಾರಿ.

ಪಾಸಿಟ್ರಾನ್: ಪಾಲ್ ಡಿರಾಕ್ ಅವರ 1928ರ ಸಮೀಕರಣವು ಎಲೆಕ್ಟ್ರಾನಿಗೆ ಋಣ ಶಕ್ತಿಯ ಸ್ಥಿತಿಗಳನ್ನೂ ಕೊಟ್ಟಿತು. ಅವುಗಳನ್ನು ಸುಮ್ಮನೆ ಬಿಡಲು ಸಾಧ್ಯವಿರಲಿಲ್ಲ, ಏಕೆಂದರೆ ಎಲೆಕ್ಟ್ರಾನು ಆ ಸ್ಥಿತಿಗಳಿಗೆ ಜಾರುವುದನ್ನು ಸಿದ್ಧಾಂತವು ತಡೆಯುತ್ತಿರಲಿಲ್ಲ. ಡಿರಾಕ್ ಮೊದಲು ಇವನ್ನು ಪ್ರೋಟಾನಿಗೆ ಸಂಬಂಧಿಸಿ ವಿವರಿಸಲು ಯತ್ನಿಸಿದರು. ಅದು ಹೊಂದಲಿಲ್ಲ. 1931ರಲ್ಲಿ ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯುಳ್ಳ, ಧನ ವಿದ್ಯುದಂಶದ ಹೊಸ ಕಣವಿರಬೇಕೆಂದು ಸೂಚಿಸಿದರು. 1932ರಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳಲ್ಲಿ ಆ ಕಣವನ್ನು ಕಂಡರು.

ಚಂದ್ರಶೇಖರ್ ಮಿತಿ: 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಶ್ವೇತ ಕುಬ್ಜ ನಕ್ಷತ್ರಗಳ ಸಮೀಕರಣಕ್ಕೆ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನು ಅನ್ವಯಿಸಿ ನೋಡಿದರು. ಇಂತಹ ನಕ್ಷತ್ರದ ದ್ರವ್ಯರಾಶಿಗೆ ಒಂದು ಗರಿಷ್ಠ ಮಿತಿ ಇರುವುದು ಕಂಡುಬಂದಿತು. ಈಗ ಒಪ್ಪಿತವಾಗಿರುವಂತೆ ಇದು ಸೂರ್ಯನ ಸುಮಾರು 1.4 ಪಟ್ಟು. ಇದಕ್ಕಿಂತ ಭಾರವಾದ ನಕ್ಷತ್ರ ಕುಸಿಯುತ್ತಲೇ ಹೋಗಬೇಕೆ ಎಂಬ ಪ್ರಶ್ನೆ ಎದ್ದಿತು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಈ ಫಲಿತಾಂಶವನ್ನು ಅಸಂಬದ್ಧವೆಂದು ತಳ್ಳಿಹಾಕಿದರು. ನಕ್ಷತ್ರವು ಹೀಗೆ ವರ್ತಿಸದಂತೆ ಪ್ರಕೃತಿಯಲ್ಲಿಯೇ ತಡೆಯೊಂದು ಇರಬೇಕೆಂಬುದು ಅವರ ನಂಬಿಕೆ. ಲೆಕ್ಕದಲ್ಲಿ ತಪ್ಪು ಇರಲಿಲ್ಲ, ಆದರೆ ಉತ್ತರವು ನಂಬಲರ್ಹವಾಗಿ ತೋರಲಿಲ್ಲ. ಕಾಲಕ್ರಮದಲ್ಲಿ ಚಂದ್ರಶೇಖರ್ ಮಿತಿಯು ಸ್ಥಾಪಿತವಾಯಿತು. 1983ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ವಿಲಿಯಂ ಫೌಲರ್ ಅವರೊಡನೆ ಹಂಚಿಕೊಂಡರು.

ಕಪ್ಪುಕುಳಿ: ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಕಂಡುಹಿಡಿದ ಪರಿಹಾರದಲ್ಲಿ ಎರಡು ಕಡೆ ಅನಂತ ಬೆಲೆಗಳು ಬರುತ್ತವೆ. ಮೊದಲನೆಯದು ಕೇಂದ್ರದಿಂದ ಒಂದು ನಿರ್ದಿಷ್ಟ ದೂರದಲ್ಲಿ. ಸೂರ್ಯನಷ್ಟು ದ್ರವ್ಯರಾಶಿಗೆ ಇದು ಸುಮಾರು 3 ಕಿಲೋಮೀಟರ್. ಇದು ಅಳತೆಗೆ ಆಯ್ದುಕೊಂಡ ನಿರ್ದೇಶಾಂಕಗಳ ದೋಷವೇ ಹೊರತು ಅಲ್ಲಿ ಭೌತಿಕವಾಗಿ ಯಾವುದೂ ಅನಂತವಾಗುವುದಿಲ್ಲವೆಂದು ಅನಂತರ ತಿಳಿಯಿತು. ಎರಡನೆಯದು ಕೇಂದ್ರದಲ್ಲಿದೆ. ಅದನ್ನು ನಿರ್ದೇಶಾಂಕ ಬದಲಿಸಿ ನಿವಾರಿಸಲಾಗದು. ಕೊಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ನೀಡಿದ ಸಮೀಕರಣವು, ಇಂತಹ ಏಕತ್ವಗಳು ಅನಿವಾರ್ಯವೆಂದು 1965ರಲ್ಲಿ ರೋಜರ್ ಪೆನ್‌ರೋಸ್ ಸಾಧಿಸಿದ ಪ್ರಮೇಯಕ್ಕೆ ಆಧಾರವಾಯಿತು. ಈ ಅನಂತವು ನಿಜವಾದ ವಸ್ತುವಲ್ಲ, ಸಿದ್ಧಾಂತದ ಅನ್ವಯವು ಅಲ್ಲಿಗೆ ಮುಗಿಯಿತೆಂಬ ಸೂಚನೆ ಎಂದು ಹೆಚ್ಚಿನ ಭೌತವಿಜ್ಞಾನಿಗಳು ಭಾವಿಸುತ್ತಾರೆ.

ಸಮೀಕರಣದ ಪರಿಹಾರವಾಗಿ ದೊರೆತ ಕಪ್ಪುಕುಳಿ ಪ್ರಕೃತಿಯಲ್ಲಿ ಬಾಳಬಲ್ಲದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ ಪ್ರಮುಖರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಅವರು, ಅಲುಗಿಸಿದರೆ ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿ ಒಡೆದುಹೋಗದೆ ಸ್ಥಿರವಾಗಿರುತ್ತದೆಂದು ತೋರಿಸಿದರು. ಗಂಟೆ ಬಾರಿಸಿದ ಮೇಲೆ ನಾದವು ಕ್ರಮೇಣ ಅಡಗುವಂತೆ ಕಪ್ಪುಕುಳಿಯ ಕಂಪನವೂ ನಿರ್ದಿಷ್ಟ ಆವರ್ತಾಂಕದಲ್ಲಿ ಅಡಗುತ್ತದೆಂದು ಅವರ 1970ರ ಲೇಖನದಿಂದ ತಿಳಿಯಿತು. 2015ರ ಸೆಪ್ಟೆಂಬರ್ 14ರಂದು ಲೈಗೋ ವೀಕ್ಷಣಾಲಯವು ಎರಡು ಕಪ್ಪುಕುಳಿಗಳು ಒಂದಾದಾಗ ಹೊಮ್ಮಿದ ಗುರುತ್ವ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿತು. ಆ ಸಂಕೇತದ ಕೊನೆಯ ಭಾಗವು ಇಂತಹ ಅಡಗುವ ಕಂಪನಕ್ಕೆ ಹೊಂದುವಂತಿತ್ತು. ವಿಶ್ವೇಶ್ವರ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸಂಸ್ಥಾಪಕ ನಿರ್ದೇಶಕರೂ ಆಗಿದ್ದರು.

## ಹೊಸ ವಸ್ತುವೇ, ಹೊಸ ನಿಯಮವೇ?

ಲೆಕ್ಕವು ವೀಕ್ಷಣೆಗೆ ಹೊಂದದಿದ್ದಾಗ ತಪ್ಪು ಎಲ್ಲಿದೆ? ಫ್ರಾನ್ಸಿನ ಪಿಯರ್ ಡ್ಯುಹೆಮ್ 1906ರಲ್ಲಿ ಗಮನಿಸಿದಂತೆ, ಪ್ರಯೋಗವು ಒಂದೇ ಒಂದು ಊಹೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದಿಲ್ಲ, ಊಹೆಗಳ ಇಡೀ ಗುಂಪನ್ನು ಪರೀಕ್ಷಿಸುತ್ತದೆ. ಗುಂಪಿನಲ್ಲಿ ಯಾವುದನ್ನು ತಿದ್ದಬೇಕೆಂದು ಪ್ರಯೋಗ ತಾನಾಗಿ ಹೇಳುವುದಿಲ್ಲ.

ಯುರೇನಸ್ ಗ್ರಹದ ಚಲನೆಯು ನ್ಯೂಟನ್ನನ ನಿಯಮದಂತೆ ಕಾಣದಿದ್ದಾಗ, ಉರ್ಬೈನ್ ಲೆವೆರಿಯೆ ನಿಯಮವನ್ನು ಉಳಿಸಿಕೊಂಡು ಕಾಣದ ಗ್ರಹವೊಂದನ್ನು ಊಹಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಯೋಹಾನ್ ಗಾಲೆ ಆ ಲೆಕ್ಕದ ಸ್ಥಾನದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನನ್ನು ಕಂಡರು. ಬುಧನ ಕಕ್ಷೆಯಲ್ಲಿಯೂ ವಿವರಿಸಲಾಗದ ಚಿಕ್ಕ ವ್ಯತ್ಯಾಸವಿತ್ತು. ಈಗಿನ ಲೆಕ್ಕದಂತೆ ಅದು ಶತಮಾನಕ್ಕೆ 43 ಆರ್ಕ್‌ಸೆಕೆಂಡುಗಳು. 1859ರಲ್ಲಿ ಲೆವೆರಿಯೆ ಮತ್ತೆ ಅದೇ ವಿಧಾನವನ್ನು ಅನುಸರಿಸಿ, ಬುಧನಿಗಿಂತ ಒಳಗೆ ಕಾಣದ ದ್ರವ್ಯವಿರಬೇಕೆಂದು ಸೂಚಿಸಿದರು. ವಲ್ಕನ್ ಎಂದು ಹೆಸರಿಟ್ಟ ಆ ಗ್ರಹಕ್ಕಾಗಿ ದಶಕಗಳ ಕಾಲ ಹುಡುಕಾಟ ನಡೆಯಿತು. ಅಂತಹ ಗ್ರಹವೇ ಇರಲಿಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ ಆ 43 ಆರ್ಕ್‌ಸೆಕೆಂಡುಗಳನ್ನು ವಿವರಿಸಿದರು. ಒಬ್ಬನೇ ವಿಜ್ಞಾನಿ, ಒಂದೇ ವಿಧಾನ, ಆದರೆ ಮೊದಲ ಬಾರಿ ವಸ್ತು ಹೊಸದು, ಎರಡನೆಯ ಬಾರಿ ನಿಯಮ ಹೊಸದು.

ಇಂದು ಇದೇ ಪ್ರಶ್ನೆ ಬ್ರಹ್ಮಾಂಡದ ಮಟ್ಟದಲ್ಲಿ ಮರಳಿದೆ. ಫ್ರಿಟ್ಜ್ ಜ್ವಿಕಿ 1933ರಲ್ಲಿ ಕೋಮಾ ಗೆಲಾಕ್ಸಿ ಗುಚ್ಛದಲ್ಲಿಯೂ, ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮೆಡಾ ಗೆಲಾಕ್ಸಿಯಲ್ಲಿಯೂ ಅಳೆದ ವೇಗಗಳು ಕಾಣುವ ದ್ರವ್ಯದ ಲೆಕ್ಕಕ್ಕೆ ಹೊಂದುವುದಿಲ್ಲ. ಕಾಣದ ಕಪ್ಪು ದ್ರವ್ಯವಿದೆ ಎಂಬುದು ಬಹುಮತದ ವಿವರಣೆ. ಗೆಲಾಕ್ಸಿಗಳಾಚೆಗಿನ ಇತರ ವೀಕ್ಷಣೆಗಳೂ ಇದನ್ನು ಬೆಂಬಲಿಸುತ್ತವೆ. ಆದರೆ ಅದರ ಕಣ ಈವರೆಗೆ ಪ್ರಯೋಗಾಲಯದಲ್ಲಿ ಸಿಕ್ಕಿಲ್ಲ. ಗುರುತ್ವದ ನಿಯಮವನ್ನೇ ತಿದ್ದಬೇಕೆಂದು ಮೊರ್ದೆಹಾಯ್ ಮಿಲ್‌ಗ್ರಾಮ್ 1983ರಲ್ಲಿ ಸೂಚಿಸಿದರು. ಗೆಲಾಕ್ಸಿಗಳ ತಿರುಗುವಿಕೆಯನ್ನು ಅದು ಚೆನ್ನಾಗಿ ವಿವರಿಸಿದರೂ ಗೆಲಾಕ್ಸಿ ಗುಚ್ಛಗಳ ವಿಷಯದಲ್ಲಿ ತೊಡಕನ್ನು ಎದುರಿಸುತ್ತದೆ.

## ಕ್ವಾಂಟಂ ಸಿದ್ಧಾಂತದ ವ್ಯಾಖ್ಯಾನ

ಸಮೀಕರಣವನ್ನು ಎಲ್ಲರೂ ಒಪ್ಪಿ ಅದರ ಅರ್ಥವನ್ನು ಒಪ್ಪದಿರುವ ಸ್ಥಿತಿಗೆ ಕ್ವಾಂಟಂ ಸಿದ್ಧಾಂತವು ಪ್ರಸಿದ್ಧ ಉದಾಹರಣೆ. ಎರ್ವಿನ್ ಶ್ರೋಡಿಂಗರ್ 1926ರಲ್ಲಿ ನೀಡಿದ ಸಮೀಕರಣವು ತರಂಗ ಫಲನವೆಂಬ ಪರಿಮಾಣವು ಕಾಲದೊಡನೆ ಹೇಗೆ ಬದಲಾಗುತ್ತದೆಂದು ತಿಳಿಸುತ್ತದೆ. ಅದು ನೀರಿನ ಅಲೆಯಂತೆ ಜಾಗದಲ್ಲಿ ಹರಡಿದ ವಸ್ತುವೆಂದು ಭಾವಿಸುವುದು ಕಷ್ಟ. ಒಂದು ಕಣಕ್ಕೆ ಮೂರು ಆಯಾಮಗಳು ಸಾಕಾದರೆ ಎರಡು ಕಣಗಳ ತರಂಗ ಫಲನಕ್ಕೆ ಆರು, ಹತ್ತು ಕಣಗಳಿಗೆ ಮೂವತ್ತು ಆಯಾಮಗಳು ಬೇಕು. ಅದೇ ವರ್ಷ ಮ್ಯಾಕ್ಸ್ ಬಾರ್ನ್, ತರಂಗ ಫಲನದಿಂದ ಅಳತೆಯ ಫಲಿತಾಂಶಗಳ ಸಂಭವನೀಯತೆ ದೊರೆಯುತ್ತದೆಂದು ಹೇಳಿದರು.

ಇಲ್ಲಿ ತೊಡಕೊಂದಿದೆ. ಶ್ರೋಡಿಂಗರ್ ಸಮೀಕರಣದಂತೆ ಬದಲಾವಣೆ ನಿರಂತರ ಮತ್ತು ನಿಶ್ಚಿತ. ಅಳತೆ ಮಾಡಿದಾಗ ಮಾತ್ರ ಹಲವು ಸಾಧ್ಯತೆಗಳಲ್ಲಿ ಒಂದೇ ಫಲಿತಾಂಶ ಕಾಣುತ್ತದೆ. ಯಾವುದು ಅಳತೆ, ಯಾವುದು ಅಲ್ಲ ಎಂಬುದನ್ನು ಸಮೀಕರಣ ಹೇಳುವುದಿಲ್ಲ. ಇದಕ್ಕೆ ಅಳತೆಯ ಸಮಸ್ಯೆ ಎಂದು ಹೆಸರು. ಶ್ರೋಡಿಂಗರ್ 1935ರಲ್ಲಿ ಬೆಕ್ಕಿನ ಕಲ್ಪಿತ ಪ್ರಯೋಗದ ಮೂಲಕ ಇದನ್ನು ಎತ್ತಿ ತೋರಿಸಿದರು. ಇದಕ್ಕೆ ನೀಡಲಾದ ಉತ್ತರಗಳಲ್ಲಿ ಮುಖ್ಯವಾದವು ಇವು:

* ಕೋಪನ್‌ಹೇಗನ್ ವ್ಯಾಖ್ಯಾನ: ಬೋರ್ ಮತ್ತು ಹೈಸೆನ್‌ಬರ್ಗ್ ಅವರ ವಿಚಾರಗಳಿಗೆ ಸಂಬಂಧಿಸಿದ್ದು. ಪ್ರಯೋಗದ ಸನ್ನಿವೇಶವನ್ನು ಬಿಟ್ಟು ಕಣದ ಗುಣಗಳ ಬಗ್ಗೆ ಮಾತನಾಡುವುದು ಸಲ್ಲದು ಎನ್ನುತ್ತದೆ.
* ಬೋಮ್ ಸಿದ್ಧಾಂತ (1952): ಕಣಗಳಿಗೆ ಸದಾ ನಿರ್ದಿಷ್ಟ ಸ್ಥಾನವಿದೆ, ತರಂಗ ಫಲನ ಅವುಗಳಿಗೆ ದಾರಿ ತೋರುತ್ತದೆ.
* ಎವರೆಟ್ ವ್ಯಾಖ್ಯಾನ (1957): ಎಲ್ಲ ಫಲಿತಾಂಶಗಳೂ ಸಂಭವಿಸುತ್ತವೆ, ಪ್ರತಿಯೊಂದೂ ಬೇರೊಂದು ಶಾಖೆಯಲ್ಲಿ.
* ಕುಸಿತ ಸಿದ್ಧಾಂತ (1986): ಗಿರಾರ್ಡಿ, ರಿಮಿನಿ ಮತ್ತು ವೆಬರ್ ಅವರದು. ಸಮೀಕರಣವನ್ನೇ ತುಸು ಬದಲಿಸಿ ತರಂಗ ಫಲನ ತಾನಾಗಿ ಕುಸಿಯುತ್ತದೆ ಎನ್ನುತ್ತದೆ.

ಇವುಗಳಲ್ಲಿ ಮೊದಲ ಮೂರು, ಈಗ ಮಾಡಬಹುದಾದ ಎಲ್ಲ ಪ್ರಯೋಗಗಳಿಗೂ ಒಂದೇ ಉತ್ತರವನ್ನು ನೀಡುತ್ತವೆ. ಕೊನೆಯದು ಮಾತ್ರ ಸೂಕ್ಷ್ಮವಾದ ಭಿನ್ನ ಮುನ್ಸೂಚನೆಗಳನ್ನು ನೀಡುವುದರಿಂದ ಪರೀಕ್ಷೆಗೆ ಒಳಪಡುತ್ತದೆ. ತಾತ್ತ್ವಿಕವೆಂದು ತೋರುವ ಪ್ರಶ್ನೆ ಎಂದೆಂದಿಗೂ ಪ್ರಯೋಗದ ಆಚೆಗೇ ಉಳಿಯಬೇಕಾಗಿಲ್ಲವೆಂಬುದಕ್ಕೂ ಸಾಕ್ಷ್ಯವಿದೆ. ಕ್ವಾಂಟಂ ಸಿದ್ಧಾಂತ ಪೂರ್ಣವೇ ಎಂಬ ಐನ್‌ಸ್ಟೈನ್, ಪೊಡೋಲ್‌ಸ್ಕಿ ಮತ್ತು ರೋಸೆನ್ ಅವರ 1935ರ ಪ್ರಶ್ನೆಯನ್ನು ಬಹಳ ಕಾಲ ಬರಿಯ ಅಭಿಪ್ರಾಯದ ವಿಷಯವೆಂದು ಬಗೆಯಲಾಗಿತ್ತು. 1964ರಲ್ಲಿ ಜಾನ್ ಬೆಲ್ ಅದನ್ನು ಅಳೆಯಬಹುದಾದ ಅಸಮತೆಯ ರೂಪಕ್ಕೆ ತಂದರು. ಅದನ್ನು ಪರೀಕ್ಷಿಸಿದ ಪ್ರಯೋಗಗಳಿಗಾಗಿ ಜಾನ್ ಕ್ಲೌಸರ್, ಅಲೈನ್ ಆಸ್ಪೆ ಮತ್ತು ಆಂಟನ್ ಝೈಲಿಂಗರ್ 2022ರ ನೊಬೆಲ್ ಪ್ರಶಸ್ತಿ ಪಡೆದರು.

## ಗಣಿತದ ಪರಿಣಾಮಕಾರಿತ್ವ

ಭೌತಿಕ ಉಪಯೋಗದ ಆಲೋಚನೆಯೇ ಇಲ್ಲದೆ ಬೆಳೆದ ಗಣಿತವು ಪ್ರಕೃತಿಗೆ ಹೊಂದುವುದು ಅಚ್ಚರಿಯ ಸಂಗತಿಯೆಂದು ಯೂಜೀನ್ ವಿಗ್ನರ್ 1960ರ ಪ್ರಸಿದ್ಧ ಪ್ರಬಂಧದಲ್ಲಿ ಬರೆದರು. 16ನೆಯ ಶತಮಾನದ ಇಟಲಿಯಲ್ಲಿ ಘನ ಸಮೀಕರಣಗಳನ್ನು ಬಿಡಿಸಲು ಹೊರಟಾಗ ಎದುರಾದ ಮಿಶ್ರ ಸಂಖ್ಯೆಗಳು ಶ್ರೋಡಿಂಗರ್ ಸಮೀಕರಣದಲ್ಲಿ ಬರುತ್ತವೆ. ರೀಮನ್ 1854ರಲ್ಲಿ ರೂಪಿಸಿದ ವಕ್ರ ಜ್ಯಾಮಿತಿಯು ಐನ್‌ಸ್ಟೈನ್ ಅವರಿಗೆ ಒದಗಿತು.

ಇದಕ್ಕೆ ಎದುರಾದ ನಿದರ್ಶನಗಳೂ ಇವೆ. ಕೆಪ್ಲರ್ 1596ರಲ್ಲಿ ಆರು ಗ್ರಹಗಳ ನಡುವಣ ಅಂತರವನ್ನು ಐದು ಸಮ ಘನಾಕೃತಿಗಳಿಂದ ವಿವರಿಸಿದನು. ಗಣಿತ ಸುಂದರವಾಗಿತ್ತು, ಮಾದರಿ ತಪ್ಪಾಗಿತ್ತು. ಅನಂತರ ಅವನೇ ಟೈಕೋ ಬ್ರಾಹೆಯ ವೀಕ್ಷಣೆಗಳಿಗೆ ಮಣಿದು, ತನಗೆ ಪ್ರಿಯವಾಗಿದ್ದ ವೃತ್ತವನ್ನು ಬಿಟ್ಟು ದೀರ್ಘವೃತ್ತವನ್ನು ಒಪ್ಪಿದನು. ಇತ್ತೀಚೆಗೆ, 1964ರಲ್ಲಿ ಸಮೀಕರಣಗಳಿಂದ ಸೂಚಿತವಾದ ಹಿಗ್ಸ್ ಕಣ 2012ರಲ್ಲಿ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ ದೊರೆಯಿತು. ಅಷ್ಟೇ ಸುಂದರವೆಂದು ಹೊಗಳಿಸಿಕೊಂಡ ಮಹಾಸಮಮಿತಿ ಸಿದ್ಧಾಂತದ ಕಣಗಳು ಅದೇ ಯಂತ್ರದಲ್ಲಿ ಈವರೆಗೆ ಕಂಡಿಲ್ಲ. ಸೌಂದರ್ಯವು ಹುಡುಕಾಟಕ್ಕೆ ದಾರಿ ತೋರಬಹುದು, ಆದರೆ ತೀರ್ಪು ನೀಡುವ ಅಧಿಕಾರ ಅದಕ್ಕಿಲ್ಲ.

## ಮಹತ್ವ

ವಿಜ್ಞಾನದ ಮಾದರಿಗಳ ಬಗ್ಗೆ ಸಾರ್ವಜನಿಕವಾಗಿ ಎರಡು ಬಗೆಯ ತಪ್ಪು ಗ್ರಹಿಕೆಗಳು ಕಾಣಬರುತ್ತವೆ. ಒಂದು, ಸಮೀಕರಣದಿಂದ ಬಂದುದೆಲ್ಲವೂ ಸಾಬೀತಾದ ಸತ್ಯವೆಂಬ ಭಾವನೆ. ವಲ್ಕನ್ ಗ್ರಹ ಮತ್ತು ಬೋರ್ ಮಾದರಿಯ ಕಕ್ಷೆಗಳು ಇದಕ್ಕೆ ಉತ್ತರ. ಇನ್ನೊಂದು, ಮಾದರಿಯೆಂದರೆ ಬರಿಯ ಊಹೆ, ಆದ್ದರಿಂದ ಒಪ್ಪಬೇಕಾಗಿಲ್ಲವೆಂಬ ಭಾವನೆ. ಪಾಸಿಟ್ರಾನ್ ಮತ್ತು ಚಂದ್ರಶೇಖರ್ ಮಿತಿ ಇದಕ್ಕೆ ಉತ್ತರ.

ಕಣ್ಣಿಗೆ ಕಾಣದ ವಸ್ತುವನ್ನು ಯಾವಾಗ ನಂಬಬಹುದೆಂಬುದಕ್ಕೆ ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್ 1983ರಲ್ಲಿ ಒಂದು ಅಳತೆಗೋಲನ್ನು ಸೂಚಿಸಿದರು. ಒಂದು ವಸ್ತುವನ್ನು ಬಳಸಿ ಬೇರೊಂದರ ಮೇಲೆ ಪ್ರಯೋಗ ನಡೆಸಲು ಸಾಧ್ಯವಾದರೆ ಅದನ್ನು ನಿಜವೆಂದು ಒಪ್ಪಬಹುದು ಎಂಬುದು ಅವರ ವಾದ. ಡಿರಾಕ್ ಸಮೀಕರಣದಲ್ಲಿ ಬೇಡದ ಉತ್ತರವಾಗಿ ಕಾಣಿಸಿಕೊಂಡ ಪಾಸಿಟ್ರಾನ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಇಂದು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ಪರೀಕ್ಷೆಯಲ್ಲಿ, ರೋಗಿಯ ದೇಹದೊಳಗೆ ಹೊಮ್ಮುವ ಪಾಸಿಟ್ರಾನುಗಳು ಎಲೆಕ್ಟ್ರಾನುಗಳೊಡನೆ ಕೂಡಿ ಗಾಮಾ ಕಿರಣಗಳಾಗುತ್ತವೆ. ಗೆಡ್ಡೆಯ ಚಿತ್ರ ಮೂಡುವುದು ಆ ಕಿರಣಗಳಿಂದಲೇ.